ಅಂಜಮ್ಮನ ನೀಲಿ ಗುಂಡಿ

"ಬಿಡೋ ಸುಬ್ರಮಣಿ, ಗಾಡಿ ಬಿಡು! ಆರಕ್ಕೆ ಗೇಟ್ ಹಾಕ್ಬಿಡ್ತಾರೆ!"

ಚಿತಾಗಾರದ ನಲ್ಲಿಯಡಿ ತಲೆಗೆ ನೀರು ಸುರಿದುಕೊಂಡ ಉಗ್ರಪ್ಪ, ಒದ್ದೆ ಪಂಚೆಯಲ್ಲೇ ಪಕ್ಕದ ಮನೆಯ ಸುಬ್ರಮಣಿಯ ಆಟೋ ಹತ್ತಿ ಕೂತ. ಆಗಷ್ಟೇ ಹೆಂಡತಿಯನ್ನು ಬೆಂಕಿಗೆ ಕೊಟ್ಟ ಮನುಷ್ಯ ಹೀಗೆ ಕೂಗಾಡುವುದೇ? ಪಕ್ಕದಲ್ಲಿ ಕೂತ ಅಣ್ಣ ಗಂಗಾಧರಯ್ಯನಿಗೆ ಮೈಯೆಲ್ಲ ಉರಿದುಹೋಯಿತು.

"ಬುದ್ಧಿ ಇದೆಯೇನೋ ನಿಂಗೆ? ಮಣ್ಣಿಗೆ ಹೋಗಿ ಬಂದೋರು ಮೊದ್ಲು ಮನೆ ದೀಪ ನೋಡ್ಬೇಕು. ಅದು ಬಿಟ್ಟು ಓಟಂತೆ!"

"ದೀಪಾನೂ ನೋಡ್ತೀನಣ್ಣ, ಓಟೂ ಹಾಕ್ತೀನಿ. ಅವಳಿಗೆ ಮಾತು ಕೊಟ್ಟಿದೀನಿ."

ಸುಬ್ರಮಣಿ ಒಂದು ಕೈಯಲ್ಲಿ ಹಾರನ್ ಒತ್ತುತ್ತ, ಸಿಗ್ನಲ್ಲಿನಲ್ಲಿ ನಿಂತಾಗ ಯಾರಿಗೋ ಫೋನ್ ಮಾಡಿದ.

* * *

ಅಂಜಮ್ಮ ಮಾರೇನಹಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು. ಓಟಿನ ದಿನವೆಂದರೆ ಅವಳಿಗೆ ಹಬ್ಬ. ತಲೆಗೆ ಸ್ನಾನ, ಇಸ್ತ್ರಿ ಸೀರೆ, ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿ ಹೊರಡಿಸುವ ಗಲಾಟೆ. ಗಂಡ ಉಗ್ರಪ್ಪ ಮಾತ್ರ ಜಗ್ಗುತ್ತಿರಲಿಲ್ಲ. ಹಿಂದೊಮ್ಮೆ ಹೋಗಿ, ಗುಂಡಿ ಬಿಟ್ಟು ಚಿತ್ರವನ್ನೇ ಒತ್ತುತ್ತ ನಿಂತಿದ್ದ. ಮೆಷಿನ್ನು ಉಸಿರೆತ್ತಲಿಲ್ಲ. ಸಾಲಿನವರು ನಕ್ಕರು. ಪಾಪ, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈ ಸಲ ಅಂಜಮ್ಮ ರಟ್ಟಿನ ಮೇಲೆ ಕುಂಬಳಕಾಯಿ, ಚೊಂಬು, ಮಂಚ ಅಂತ ಚಿತ್ರ ಬರೆದು, ಒಂದೊಂದರ ಪಕ್ಕದಲ್ಲೂ ನೀಲಿ ಅಂಗಿಗುಂಡಿ ಹೊಲಿದಳು.

"ಚಿತ್ರ ಅಲ್ಲ ಕಣ್ರೀ, ಗುಂಡಿ! ಒತ್ತಿ. ಸದ್ದು ಬರೋವರೆಗೂ ಕೈ ತೆಗೀಬೇಡಿ."

ಅವನು ಒತ್ತಿದ. ಅವಳೇ ಬಾಯಲ್ಲಿ "ಕುಂಯ್ಯ್..." ಎಂದು ಎಳೆದು, ಉಸಿರು ಮುಗಿದ ಮೇಲೆ, "ಆಯ್ತು, ಕೈ ತೆಗೀರಿ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬರ್ತೀನಿ ಅಂತ ಅವನು ಮಾತು ಕೊಟ್ಟ.

ಅದು ನಿನ್ನೆ ಸಂಜೆ. ಬೆಳಗ್ಗೆ ಅವಳು ಏಳಲಿಲ್ಲ.

* * *

ಮಗಳು ಶಶಿಕಲಾ ದೀಪಕ್ಕೆ ಅಂಗೈ ಅಡ್ಡ ಹಿಡಿದುಕೊಂಡು ಮನೆಯಿಂದ ರಸ್ತೆಗೇ ಬಂದು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಸುಬ್ರಮಣಣ್ಣ ಫೋನ್ ಮಾಡಿದ್ರು. ನೋಡಿ ಅಪ್ಪ, ದೀಪ! ತಗೊಳ್ಳಿ, ನಿಮ್ ಕಾರ್ಡು. ಓಡಿ!"

"ನೋಡ್ದೆ ಕಣಮ್ಮ!" ಉಗ್ರಪ್ಪ ಕೂತಲ್ಲೇ ಕೈ ಮುಗಿದ.

ಗಂಗಾಧರಯ್ಯ ಒಮ್ಮೆ ದೀಪ ನೋಡಿದ, ಒಮ್ಮೆ ತಮ್ಮನನ್ನು ನೋಡಿದ. "ಇನ್ನೇನಕ್ಕೋ ಕಾಯ್ತಾ ಇದೀಯ ಸುಬ್ರಮಣಿ? ಎತ್ತು ಗಾಡಿ!"

ಶಾಲೆಯ ಗೇಟನ್ನು ಪೊಲೀಸಿನವನು ಅರ್ಧ ಎಳೆದಿದ್ದ. ಉಗ್ರಪ್ಪ ಮೈ ಓರೆ ಮಾಡಿ ನುಗ್ಗಿಯೇಬಿಟ್ಟ. ಆರರೊಳಗೆ ಸಾಲು ಸೇರಿದವರಿಗೆಲ್ಲ ಓಟು ಉಂಟು. ಆಮೇಲೆ ಬಂದವರು ನುಸುಳದಂತೆ ಚೀಟಿ ಹಂಚುವುದು ಮಾತ್ರ ಸಾಲಿನ ಬಾಲದಿಂದ. ಎಲ್ಲರಿಗಿಂತ ಹಿಂದೆ ನಿಂತ ಅವನಿಗೆ ಒಂದನೇ ನಂಬರಿನ ಚೀಟಿ ಸಿಕ್ಕಿತು. ಇದನ್ನು ಅಂಜಿಗೆ ಹೇಳಬೇಕು ಎಂದುಕೊಂಡ. ಮರುಗಳಿಗೆಯೇ ನೆನಪಾಗಿ, ಚೀಟಿಯನ್ನು ಮುಷ್ಟಿಯಲ್ಲಿ ಮಡಚಿಕೊಂಡ.

ಕಾರ್ಡು ನೋಡಿದರು. ಹೆಸರು ಕೂಗಿದರು. ಎಡಗೈ ಬೆರಳಿಗೆ ಶಾಯಿ ಹಚ್ಚಿದರು. ಅವನು ರಟ್ಟಿನ ಮರೆಗೆ ಹೋದ. ಚಿತ್ರ ಅಲ್ಲ, ಗುಂಡಿ. ಒತ್ತಿದ.

ಕುಂಯ್ಯ್...

ಸದ್ದು ಕೋಣೆಯೆಲ್ಲ ತುಂಬಿ, ಆಮೇಲೆ ನಿಂತಿತು.

"ತಾತ, ಓಟು ಬಿತ್ತು, ಬನ್ನಿ," ಎಂದರು ಮೇಜಿನ ಹಿಂದಿದ್ದ ಅಧಿಕಾರಿ.

ಉಗ್ರಪ್ಪ ಕದಲಲಿಲ್ಲ. ಒದ್ದೆ ಪಂಚೆಯಲ್ಲಿ, ಇನ್ನೊಂದು ದನಿಗೆ ಕಿವಿಗೊಟ್ಟು ನಿಂತೇ ಇದ್ದ. ಬೆರಳು ನೀಲಿ ಗುಂಡಿಯ ಮೇಲೇ ಇತ್ತು.