ಮೆಟ್ಟಿಲ ಕೆಳಗಿನ ಗೂಡು

ಬಡಗಿಯ ಅಕ್ಕ ತಮ್ಮನ ಮನೆಗೆ ಇರಲು ಬಂದಾಗ ತಂದದ್ದು ಎರಡೇ: ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಬೂದು ಬೆಕ್ಕು. ಪೆಟ್ಟಿಗೆಯ ಬಗ್ಗೆ ಯಾರದೂ ತಕರಾರಿರಲಿಲ್ಲ.

"ಬೆಕ್ಕು ಇರ್ಲಿ," ಎಂದಳು ಬಡಗಿಯ ಹೆಂಡತಿ. "ಆದ್ರೆ ಅದು ಕಕ್ಕಸಿಗೆ ಕೂರೋ ಮರಳಿನ ಟ್ರೇ ನನ್ನ ಕಣ್ಣಿಗೂ ಬೀಳಬಾರದು, ಮೂಗಿಗೂ ಬಡೀಬಾರದು."

ಅಕ್ಕ ಬೆಕ್ಕನ್ನು ಮಡಿಲಿಗೆಳೆದುಕೊಂಡಳು. ಪೆಟ್ಟಿಗೆಯ ಬೀಗ ಮಾತ್ರ ತೆಗೆಯಲಿಲ್ಲ. ಬೆಕ್ಕು ಹೊರಟ ದಿನ ಇವಳೂ ಹೊರಡುತ್ತಾಳೆಂದು ಬಡಗಿಗೆ ಅರ್ಥವಾಯಿತು. ತಾಯಿ ಹಾಸಿಗೆ ಹಿಡಿದಾಗ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕ. ಅವಳು ಹೋಗುವುದು ಅವನಿಗೆ ಸುತರಾಂ ಬೇಡವಾಗಿತ್ತು.

ಮೆಟ್ಟಿಲ ಕೆಳಗೆ ಹಲಗೆಯ ಗೋಡೆ, ಅದರ ಹಿಂದೆ ಬರೀ ಟೊಳ್ಳು. ಬಡಗಿ ಹಲಗೆ ಕೊಯ್ದು, ಒಳಗೆ ತಗಡು ಹೊದಿಸಿ, ವಾಸನೆ ಹೊರಹೋಗಲು ಹಿತ್ತಲಿಗೊಂದು ಕೊಳವೆ ಬಿಟ್ಟು, ಟ್ರೇ ಇಟ್ಟ. ತಲೆಯಿಂದ ನೂಕಿದರೆ ತೆರೆದು ತಾನೇ ಮುಚ್ಚಿಕೊಳ್ಳುವ ಪುಟ್ಟ ಬಾಗಿಲು ಕೂರಿಸಿದ. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಅವನೆಂಥ ಬಡಗಿ? ಬಾಗಿಲಿನ ಮರದ ಎಳೆಯನ್ನು ಗೋಡೆಯ ಎಳೆಗೆ ಕೂಡಿಸಿ, ಸಂದಿಯಲ್ಲಿ ಉಗುರೂ ತೂರದಂತೆ ಉಜ್ಜಿದ. ಹೆಂಡತಿಯನ್ನು ಕರೆದು, "ಎಲ್ಲಿದೆ ಹೇಳು ನೋಡೋಣ," ಎಂದ. ಅವಳು ಗೋಡೆಯುದ್ದಕ್ಕೂ ಕಣ್ಣಾಡಿಸಿ ಸೋತಳು. ಬಡಗಿ ಮೀಸೆಯಡಿಯಲ್ಲೇ ನಕ್ಕ.

ಬೆಕ್ಕೂ ಸೋತಿತು. ಎರಡು ಸಲ ಅದನ್ನೆತ್ತಿ ಒಳಗೆ ಬಿಟ್ಟರೂ, ಅದು ಹೊರಬಂದ ಮೇಲೆ ಬಾಗಿಲು ಮತ್ತೆ ಗೋಡೆಯಾಗಿಬಿಡುತ್ತಿತ್ತು. ಮರುದಿನ ಬೆಳಿಗ್ಗೆ ಅದು ಆ ಗೋಡೆಯ ಮುಂದೆ ಅತ್ತಿಂದಿತ್ತ ಸುಳಿದು, ಕೊನೆಗೆ ಹೆಂಡತಿಯ ಹೊಸ ಕಾಲೊರೆಸಿನ ಮೇಲೆ ಕೂತು ಕೆಲಸ ಮುಗಿಸಿತು.

ಅಕ್ಕ ಕಾಲೊರೆಸು ತೊಳೆದು ಹಾಕಿದಳು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಬಂದು, "ನಾನು ಹೊರಡ್ತೀನಿ ಕಣೋ," ಎಂದಳು. ಹೆಂಡತಿಯ ಕಡೆ ನೋಡಲು ಬಡಗಿಗೆ ಹೆದರಿಕೆ.

ಹೆಂಡತಿ ಗೋಡೆಯನ್ನೇ ದಿಟ್ಟಿಸುತ್ತಿದ್ದಳು. "ಬಾಗಿಲು ಎಲ್ಲಿದೆ ಅಂತ ನಂಗೇ ಗೊತ್ತಾಗ್ಲಿಲ್ಲ. ಆ ಮೂಕಪ್ರಾಣಿಗೆ ಹೇಗ್ರೀ ಗೊತ್ತಾಗ್ಬೇಕು? ಕಿತ್ತಾಕಿ ಅದನ್ನ."

"ಕಿತ್ರೆ ಟ್ರೇ ಕಾಣುತ್ತಲ್ಲೇ?"

"ಕಂಡ್ರೆ ಕಾಣ್ಲಿ. ಕಾಣದ ಹಾಗೆ ಇರಿ ಅಂದ್ರೆ ಯಾರು ತಾನೇ ಇರ್ತಾರೆ?"

ಇದನ್ನು ಹೇಳುವಾಗ ಅವಳು ಬೆಕ್ಕನ್ನು ನೋಡುತ್ತಿರಲಿಲ್ಲ. ಅಕ್ಕನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ಹಿಂದಿನ ಕೋಣೆಗೆ ನಡೆದಳು.

ಬಡಗಿ ತನ್ನ ಜನ್ಮದಲ್ಲೇ ಅತಿ ನಾಜೂಕಾಗಿ ಮಾಡಿದ್ದ ಬಾಗಿಲನ್ನು ಸ್ಕ್ರೂ ಬಿಚ್ಚಿ ತೆಗೆದ. ಹೊಟ್ಟೆ ಉರಿಯಿತು, ಸುಳ್ಳೇಕೆ. ಬೆಕ್ಕು ಅವನನ್ನು ದಾಟಿಕೊಂಡು ಗೂಡಿನೊಳಗೆ ಹೋಗಿ ಮರಳು ಕೆರೆಯತೊಡಗಿತು.

ಬಾಗಿಲಿನ ಹಲಗೆ ಹಾಳಾಗಲಿಲ್ಲ. ಅಂದು ಸಂಜೆಯೇ ಅದನ್ನು ಅಕ್ಕನ ಕೋಣೆಯ ಗೋಡೆಗೆ, ಅವಳ ಕೈಗೆಟುಕುವ ಎತ್ತರದಲ್ಲಿ ಶೆಲ್ಫಿನ ಹಾಗೆ ಅಡ್ಡಲಾಗಿ ಬಡಿದ. ಅಕ್ಕ ಪೆಟ್ಟಿಗೆಯ ಬೀಗ ತೆಗೆದು, ಬಟ್ಟೆಗಳನ್ನು ಒಂದೊಂದಾಗಿ ಅದರ ಮೇಲೆ ಜೋಡಿಸಿದಳು.