ಎರಡು ಕೈ ಉಪ್ಪು

"ಸೊಸೆ ಯಾಕ್ರಪ್ಪಾ ಬೇಕು? ನಮ್ಮನೇಲಿ ಇವನೇ ಹೆಂಗಸು. ಕೈಗೆ ಬಳೆ ತೊಡಿಸೋದೊಂದು ಬಾಕಿ!"

ಅಪ್ಪ ಇದನ್ನು ಹೇಳಿದ್ದು ಊಟದ ಹೊತ್ತಿನಲ್ಲಿ, ಗ್ಯಾರೇಜಿನ ಶೆಡ್ಡಿನವರೆಲ್ಲ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ. ಪೇಂಟರ್ ನನ್ನ ಡಬ್ಬಿಯಿಂದ ಒಂದು ತುಂಡು ಬದನೆಕಾಯಿ ಎತ್ತಿ ಬಾಯಿಗೆ ಹಾಕಿಕೊಂಡು, "ಏನ್ ಮೇಸ್ತ್ರಿ, ಗುಟ್ಟಾಗಿ ಸೊಸೆ ತಂದ್ರಾ? ಯಾರದ್ದು ಈ ಕೈರುಚಿ?" ಎಂದು ಕೇಳಿದ್ದ. ಅದಕ್ಕೆ ಅಪ್ಪನ ಉತ್ತರ ಅದು. ಎಲ್ಲರೂ ನಕ್ಕರು. ಟೈರಿಗೆ ಗಾಳಿ ಹೊಡೆಯುವ ಮುದುಕನಂತೂ ನಕ್ಕು ನಕ್ಕು ಕೆಮ್ಮಿದ.

ಆ ಬದನೆಕಾಯಿ ಮಾಡಿದ್ದು ಅಪ್ಪ.

ಅಪ್ಪ ಲೇತ್ ಮೇಸ್ತ್ರಿ, ನಾನು ವೆಲ್ಡಿಂಗ್. ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದಾಗಿನಿಂದ ನನಗೆ ಇದೇ ಶೆಡ್ಡು. ಇಲ್ಲಿ ನನ್ನ ಹೆಸರು ಪಟಾಕಿ. ಬತ್ತಿ ಗಿಡ್ಡ, ಕಿಡಿ ತಾಗಿದರೆ ಢಮಾರ್.

ಅಮ್ಮ ಸತ್ತ ಮೇಲೆ ಮನೆಯಲ್ಲಿ ಮಾತು ನಿಂತಿತು. ಜಗಳವೇನೂ ಆಗಿರಲಿಲ್ಲ. ನನ್ನ ಮಾತು ಅಪ್ಪನಿಗೆ, ಅಪ್ಪನ ಮಾತು ನನಗೆ ಮುಟ್ಟಿಸುತ್ತಿದ್ದವಳು ಅವಳೇ. ಅವಳಿಲ್ಲದೆ ಹೇಗೆ ಶುರು ಮಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಸಂಜೆ ಬಂದು ನಾನು ಪಾತ್ರೆ ಕುಕ್ಕುತ್ತಿದ್ದೆ. ಅಡುಗೆ ಅಂದರೆ ಶಿಕ್ಷೆ. ಉರಿ ದೊಡ್ಡದು ಮಾಡಿ, ತಳ ಹಿಡಿಸಿ, ಅದನ್ನೇ ತಿಂದು ಮಲಗುವುದು.

ಒಂದು ಸಂಜೆ ಬೇಳೆಗೆ ಉಪ್ಪು ಹಾಕಿ ನಲ್ಲಿಯ ಹತ್ತಿರ ಹೋದೆ. ಅಷ್ಟರಲ್ಲಿ ಅಪ್ಪ ಒಳಗೆ ಬಂದು ಅವನೂ ಹಾಕಿದ. ನಾನು ಮರೆತಿರುತ್ತೇನೆ ಅಂದುಕೊಂಡನಂತೆ. ಮಾತಾಡುವ ಮನೆಯಾಗಿದ್ದರೆ "ಉಪ್ಪು ಹಾಕಿದೀಯೇನೋ" ಅಂತ ಒಂದು ಕೂಗು ಸಾಕಿತ್ತು. ತಟ್ಟೆ ಮುಂದೆ ಕೂತು ಒಂದು ತುತ್ತು ಇಟ್ಟೆವು. ಇನ್ನೊಂದು ತುತ್ತು. ಆಮೇಲೆ ಅಪ್ಪ ಚೊಂಬು ಎತ್ತಿ ಗಟಗಟ ಕುಡಿದು, "ಉಪ್ಪು ತಿಂದೋರು ನೀರು ಕುಡೀಲೇಬೇಕು ಕಣೋ. ನಾವೇನು ಪಾಪ ಮಾಡಿದ್ವೋ!" ಎಂದ.

ನಗು ಉಕ್ಕಿ ನನಗೆ ಅನ್ನ ನೆತ್ತಿಗೇರಿತು. ಅಪ್ಪ ತಲೆ ತಟ್ಟಿದ. ಅವನ ಕೈ ನನ್ನ ತಲೆ ಮುಟ್ಟಿ ಎಷ್ಟು ಕಾಲವಾಗಿತ್ತೋ.

ಮಾರನೆಯ ದಿನ ಅಡುಗೆಮನೆ ಬಾಗಿಲಿಗೆ ಒರಗಿ ನಿಂತ. ಆಮೇಲೆ ಚಾಕು ಕಸಿದುಕೊಂಡ.

"ಉರಿ ಸಣ್ಣಗೆ ಮಾಡೋ. ಯಾರ ಮೇಲೆ ಕೋಪ, ಈರುಳ್ಳಿ ಮೇಲಾ?"

"ಕಣ್ಣಲ್ಲಿ ನೀರು ಬರ್ತಿದೆ, ಬೇಗ ಮುಗಿಸಿಬಿಡ್ತೀನಪ್ಪ."

"ಬರ್ಲಿ ಬಿಡು. ಇಲ್ಲಿ ಯಾರು ಕೇಳ್ತಾರೆ?"

ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಜಾಗ ಅದು. ಉರಿ ತಗ್ಗಿಸಿದರೆ ಈರುಳ್ಳಿ ತಾನಾಗಿಯೇ ಮೆತ್ತಗಾಗುತ್ತದೆ, ನಾನೂ ಆದೆ. ಶೆಡ್ಡಿನಲ್ಲಿ ದಿನವಿಡೀ ಹಲ್ಲು ಕಚ್ಚಿದ್ದು ಅಲ್ಲಿ ಸಡಿಲವಾಗುತ್ತಿತ್ತು. ಅಪ್ಪ ಬದನೆಕಾಯಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಲೇತಿನಲ್ಲಿ ಕಬ್ಬಿಣ ಕಡೆಯುವ ಹಾಗೆ ಹೆಚ್ಚುತ್ತಿದ್ದ. "ಒಂದೆಳೆ ಹೆಚ್ಚಾಯ್ತು, ಈ ಪೀಸು ವೇಸ್ಟು" ಅಂತ ಹಸಿಯದನ್ನೇ ನನ್ನ ಬಾಯಿಗೆ ತುರುಕುತ್ತಿದ್ದ. ನಾನು ಉಗಿದರೆ ಮಗುವಿನ ಹಾಗೆ ನಗುತ್ತಿದ್ದ.

ನಿನ್ನೆ ಸಂಜೆ ಮಾತ್ರ ಬಾಣಲೆಯಲ್ಲಿ ಸೌಟು ಆಡಿಸುತ್ತ ಆಡಿಸುತ್ತ ಕೈ ನಿಲ್ಲಿಸಿದ.

"ಇಷ್ಟು ವರ್ಷ ನಿಮ್ಮಮ್ಮ ಇಲ್ಲಿ ಒಬ್ಬಳೇ ನಿಂತಿದ್ಲು ಕಣೋ. ಒಂದಿನ ಪಕ್ಕ ಬಂದು ನಿಲ್ಲಲಿಲ್ಲ ನಾನು. ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತೇ ಇರಲಿಲ್ಲ."

ಮುಖ ಆಚೆ ತಿರುಗಿಸಿ ಅಂಗಿ ತೋಳಿನಿಂದ ಕಣ್ಣು ಒರೆಸಿಕೊಂಡ. ನಾನು ಸೌಟು ಇಸಕೊಂಡೆ. ಆ ಬಾಣಲೆಯ ಬದನೆಕಾಯಿಯೇ ಇವತ್ತಿನ ಡಬ್ಬಿಯಲ್ಲಿದ್ದದ್ದು.

ಅಪ್ಪ ಬಳೆಯ ಮಾತು ಆಡಿದಾಗ ಶೆಡ್ಡಿನಲ್ಲಿ ಎಲ್ಲರೂ ಪಟಾಕಿ ಸಿಡಿಯುವುದನ್ನೇ ಕಾಯುತ್ತಿದ್ದರು. ನಾನು ಅಪ್ಪನ ಮುಖ ನೋಡಿದೆ. 'ನಾನೂ ಮಾಡ್ತೀನಿ ಕಣ್ರೋ' ಅಂತ ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾಲ್ಕು ಜನರ ಮುಂದೆ ಒಂದೇ ಒಂದು ಮಾತು. ಅವನು ತಲೆ ತಗ್ಗಿಸಿ ಬರಿ ಅನ್ನ ತಿಂದ. ತಾನು ಮಾಡಿದ ಬದನೆಕಾಯಿಯನ್ನು ಮುಟ್ಟಲಿಲ್ಲ.

ಹೆಂಗಸು ಅಂದರೆ ಅವನಿಗೆ ಇನ್ನೂ ಬೈಗುಳವೇ. ನಿನ್ನೆ ಯಾರನ್ನು ನೆನೆದು ಕಣ್ಣು ಒರೆಸಿಕೊಂಡಿದ್ದನೋ, ಅವಳನ್ನೇ ಇವತ್ತು ಬೈಗುಳ ಮಾಡಿ ನನ್ನ ಮುಖಕ್ಕೆ ಉಗಿದಿದ್ದ. ಡಬ್ಬಿ ಮುಚ್ಚಿ ಎದ್ದೆ.

ಸಂಜೆ ಶೆಡ್ಡಿನ ಬಾಗಿಲು ಎಳೆಯುವ ಹೊತ್ತಿಗೆ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಹತ್ತಿರ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ತಮಾಷೆಗೆ ಅಂದೆ ಕಣೋ. ಅವರ ಮುಂದೆ ಏನಾದ್ರೂ ಅನ್ನಬೇಕಲ್ಲ..." ಎಂದ. ಆಮೇಲೆ ದನಿ ತಗ್ಗಿಸಿ, "ಮನೇಲಿ ಹೂಕೋಸು ಇದೆ. ಹೇಗೆ ಮಾಡೋಣ, ಹೇಳು" ಎಂದ.

'ಪಲ್ಯ ಮಾಡೋಣಪ್ಪ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಎಷ್ಟಾದರೂ ಅಪ್ಪ.

ಅಷ್ಟರಲ್ಲಿ ಪೇಂಟರ್ ಸೈಕಲ್ ತಳ್ಳಿಕೊಂಡು ಹೊರಗೆ ಬಂದ. ಅಪ್ಪ ಬೆಂಕಿ ತಾಗಿದವನಂತೆ ನನ್ನಿಂದ ಆಚೆ ಸರಿದು ದನಿ ಎತ್ತರಿಸಿದ: "ಏನ್ ನಿಂತಿದೀಯ? ನಡಿ, ಹೋಗಿ ಒಲೆ ಹಚ್ಚು!"

ಪೇಂಟರ್ ಹಲ್ಲು ಕಿರಿದ.

ನಾನು ಚೀಲವನ್ನು ಹೆಗಲಿಗೇರಿಸಿಕೊಂಡೆ. ಮನೆಗೆ ಹೋಗುವ ತಿರುವು ಎಡಕ್ಕಿತ್ತು. ನಾನು ಬಲಕ್ಕೆ ನಡೆದೆ.