ವಸ್ತ್ರಗಾಳ ಹಿಡಿದ ಧೂಳು

ಈಗ ಚಿಕ್ಕೇರೂರಿನ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಶಾರವ್ವನಿಗೆ ತಾನು ಬೆಳೆದ ಸವಣೂರು ಎಂದರೆ ಮೊದಲು ಕಣ್ಣಿಗೆ ಬರುವುದು ಎಪ್ಪತ್ತೇಳನೆಯ ಇಸವಿಯ ಶಾಲೆಯ ಪಡಸಾಲೆ, ಅಲ್ಲಿ ಸಾಲಾಗಿ ಇಟ್ಟಿದ್ದ ಒಡೆದ ಗಡಿಗೆಯ ತಳಗಳು.

ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದ ಪರಮೇಶಪ್ಪ ಮಾಸ್ತರರು ಒಂದು ದಿನ, "ಊರಾಗ ಮನಿ, ಅಂಗಡಿ, ಮಂದಿ ಬಿಟ್ಟು ಇನ್ನೇನ ಐತಿ?" ಎಂದು ಕೇಳಿದ್ದರು. ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು:

"ನೋಡೂನು, ನಿಮ್ಮ ನಿಮ್ಮ ಓಣಿ ಧೂಳ ಒಂದೊಂದು ಬೊಗಸಿ ತರ್ರಿ. ಬೀಜ ಹಾಕಬ್ಯಾಡ್ರಿ. ಬರೇ ನೀರ ಹಾಕೂನು."

ಶಾರವ್ವ ಬಳಿದು ತಂದ ಧೂಳಿನಲ್ಲಿ ಆಡಿನ ಹಿಕ್ಕೆ, ಬೀಡಿ ತುಂಡು ನೋಡಿ ಅವಳ ಅವ್ವ ಉಡಚವ್ವ ಮುಖ ಸಿಂಡರಿಸಿದಳು. ಮಾಸ್ತರರಿಗೆ ಕೊಡುವ ಕಾಳು ಹಸನಾಗದೆ ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. "ಇಂಥಾದ್ದ ಒಯ್ದು ಅವರ ಕೈಯಾಗ ಕೊಡ್ತೀಯೇನ?" ಎಂದವಳೇ ಹಳೆಯ ಪಂಚೆಯಲ್ಲಿ ಅದನ್ನು ವಸ್ತ್ರಗಾಳ ಹಿಡಿದು, ಅರಿಸಿನದ ಪುಡಿಯಷ್ಟು ನಯ ಮಾಡಿ ಕಟ್ಟಿಕೊಟ್ಟಳು.

ಗಡಿಗೆಯ ತಳಗಳಲ್ಲಿ ಹರವಿ ನೀರು ಹಾಕಿದ ಹತ್ತು ದಿನಕ್ಕೆ, ಗಾಡಿ ಬಿಡುವ ಬಯಲಿನ ಧೂಳಿನಲ್ಲಿ ಜೋಳ, ಹತ್ತಿ ಮೊಳೆತಿದ್ದವು. ವೀಳ್ಯದೆಲೆ ಪೇಟೆಯದರಲ್ಲಿ ಕಿರಕಸಾಲಿ ಸೊಪ್ಪು. ಇನ್ನೊಂದರಲ್ಲಿ ಬೇವು, ಉಳಿದವುಗಳಲ್ಲಿ ಮತ್ತೇನೇನೋ. ಶಾರವ್ವನದು ಮಾತ್ರ ಬರಿದು.

"ನೀ ಹಿಟ್ಟ ಹಾಕೀಯಲ್ಲ ಶಾರಿ," ಎಂದು ಜತೆಯ ಹುಡುಗ ಅಲ್ಲಾಭಕ್ಷ ಬಗ್ಗಿ ನೋಡಿದ. "ಇನ್ನ ನಾಕ ದಿನ ತಡಿ, ರೊಟ್ಟಿನ ಏಳ್ತಾವ."

ಬೀಜವೆಲ್ಲ ಪಂಚೆಯ ಮೇಲೇ ಉಳಿಯಿತೆಂದು ಅವಳಿಗೆ ಆಗ ಹೊಳೆಯಿತು. ಪರೀಕ್ಷೆ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿ ತನ್ನ ಜತೆ ಎಲೆತೋಟದ ಕೆಲಸಕ್ಕೆ ಒಯ್ಯುವುದೆಂದು ಉಡಚವ್ವ ಗಟ್ಟಿ ಮಾಡಿದ್ದಳು. "ಶನಿವಾರ ಬಂದು ನಿಮ್ಮ ಮಗಳು ಏನ ಮಾಡ್ಯಾಳ ನೋಡ್ರಿ, ಆಮ್ಯಾಲ ಬಿಡಸೂದಿದ್ರ ಬಿಡಸ್ರಿ" ಎಂದು ಮಾಸ್ತರರು ಹೇಳಿಕಳಿಸಿದ್ದರು. ನೋಡುವಂಥದ್ದು ಏನೂ ಇರಲಿಲ್ಲ.

ಶನಿವಾರ ಉಡಚವ್ವ ಒಂದೊಂದೇ ಗಡಿಗೆಯ ಮುಂದೆ ಬಗ್ಗುತ್ತ ಬಂದಳು.

"ನಿಂದ್ಯಾವುದು?"

ಶಾರವ್ವ ತೋರಿಸಿದಳು.

"ಎಲ್ಲಾರದೂ ಎದ್ದಾವ. ನಿಂದ್ಯಾಕ ಏನೂ ಇಲ್ಲ?"

ಹೇಳಿದರೆ ಅಷ್ಟು ಮಂದಿಯ ಮುಂದೆ ಅವ್ವ ತಲೆ ತಗ್ಗಿಸಬೇಕು. ಹೇಳದಿದ್ದರೆ ಎಲೆತೋಟ.

ಉಡಚವ್ವ ಪಕ್ಕದ ಗಡಿಗೆಯ ಮಣ್ಣನ್ನು ಬೆರಳಿನಿಂದ ಕೆದಕಿದಳು. ಹಿಕ್ಕೆಯೊಂದು ಬಿರಿದು ಅದರೊಳಗಿಂದ ಬಿಳಿ ಬೇರು ಇಳಿದಿತ್ತು.

"ಹುಡುಗಿದ ತಪ್ಪಿಲ್ರಿ ಸರ," ಎಂದಳು ಸೆರಗು ಎಳೆದುಕೊಂಡು. "ನಿಮಗ ಕೊಡೂದು ಅಂತ ನಾನ ಗಾಳಿಸಿದ್ದೆ."

ಯಾರೋ ಕಿಸಕ್ಕೆಂದರು. ಮಾಸ್ತರರು ನಗಲಿಲ್ಲ. ವಹಿ ತೆಗೆದು ಬರೆದರು, ಬರೆದದ್ದನ್ನು ಓದಿದರು: "ಉಡಚವ್ವ ಗಾಳಿಸಿದ ಧೂಳು, ಏನೂ ಇಲ್ಲ. ಗಾಳಿಸದೆ ಇದ್ದದ್ದು, ಒಂಬತ್ತು ನಮೂನಿ ಗಿಡ." ಆಮೇಲೆ ಮಕ್ಕಳ ಕಡೆ ತಿರುಗಿ, "ಜೀವ ಇದ್ದದ್ದು ಕಸದಾಗ ಅಂತ ಈಗ ಗೊತ್ತಾತು," ಎಂದರು.

ಉಡಚವ್ವನ ಹೆಸರು ವಹಿಯೊಂದರಲ್ಲಿ ಬಂದದ್ದು ಅದೇ ಮೊದಲು.

"ಎಂಟನೇ ಇಯತ್ತಿಗೂ ಇಂಥಾದ್ದ ಕಲಸ್ತಾರೇನ್ರಿ?" ಎಂದು ಕೇಳಿದಳು.

"ಇದಕ್ಕಿಂತ ಭಾಳ ಕಲಸ್ತಾರ್ರಿ."

ಹೊರಳಿ ಬರುವಾಗ ಅವ್ವ ತಮ್ಮ ಓಣಿಗೆ ತಿರುಗಲಿಲ್ಲ. ಮುಂದೆ ಮುಂದೆ ನಡೆದು ಹೈಸ್ಕೂಲಿನ ಗೇಟಿನೆದುರು ನಿಂತಳು.

"ಇಲ್ಲಿಂದ ಮನಿಗೆ ಎಷ್ಟೊತ್ತಿನ ಹಾದಿ?"

"ಅರ್ಧ ತಾಸು, ಅವ್ವ."

"ಹಂಗಾರ ಬುತ್ತಿ ಲಗೂ ಕಟ್ಟಬೇಕು," ಎಂದಳು ಉಡಚವ್ವ.